ಹಳೆಯ ಸರಪಳಿ ಗರಗಸಕ್ಕೆ ಬೆಲೆ ಕಟ್ಟುವ ಬಗೆ

ಬಳಸಿದ ಸರಕಿನ ಮಾರುಕಟ್ಟೆಯನ್ನು ಕುರಿತು ಅರ್ಥಶಾಸ್ತ್ರದಲ್ಲಿ ಚರ್ಚೆ ಬಂದಾಗಲೆಲ್ಲ ಮೋಟಾರು ಕಾರಿನ ಉದಾಹರಣೆಯೇ ಮುಂದೆ ಬಂದು ನಿಲ್ಲುತ್ತದೆ. ಜಾರ್ಜ್ ಅಕರ್ಲಾಫ್ ಅವರು ೧೯೭೦ರಲ್ಲಿ ಪ್ರಕಟಿಸಿದ ಪ್ರಬಂಧವೇ ಇದಕ್ಕೆ ಕಾರಣ. ಕಾರಿನ ದೋಷವನ್ನು ಮಾರುವವನು ಬಲ್ಲ, ಕೊಳ್ಳುವವನು ಅರಿಯ. ಆದಕಾರಣ ಕೊಳ್ಳುವವನು ಯಾವ ಕಾರಿಗೂ ಸರಾಸರಿ ಬೆಲೆಗಿಂತ ಹೆಚ್ಚು ಕೊಡಲೊಲ್ಲ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲೊಲ್ಲ. ಕಟ್ಟಕಡೆಗೆ ಸಂತೆಯಲ್ಲಿ ಉಳಿಯುವುದು ಕೆಟ್ಟ ಸರಕು ಮಾತ್ರ. ಇದು ಆ ವಾದದ ಸಾರ. ಪ್ರಬಂಧಕಾರರು ೧೯೬೭-೬೮ರಲ್ಲಿ ದೆಹಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದವರು. ಬಜಾರಿನ ಅಕ್ಕಿಯಲ್ಲಿ ಬೇಕೆಂದೇ ಬೆರೆಸಿದ ಕಲ್ಲನ್ನು ನಮ್ಮ ಗೃಹಿಣಿ ಆರಿಸಿ ತೆಗೆಯುವ ನಿದರ್ಶನವೂ ಅವರ ಬರೆಹದಲ್ಲಿ ಬಂದಿದೆ.

ಕಾರಿಗಾದರೋ ನೋಂದಣಿ ಪತ್ರವುಂಟು, ಓಡಿದ ದೂರವನ್ನು ತೋರಿಸುವ ಮಾಪಕವುಂಟು. ಇವೆರಡೂ ಇಲ್ಲದ ಸರಕಿನಲ್ಲಿ ಈ ತತ್ತ್ವವು ಇನ್ನೂ ಸ್ಫುಟವಾಗಿ ಕಾಣುವುದೆಂದು ಭಾವಿಸಿ, ಅಮೆರಿಕದ ಗ್ರಾಮಾಂತರ ಪ್ರದೇಶಗಳಲ್ಲಿ ಕೈಯಿಂದ ಕೈಗೆ ದಾಟುವ ಹಳೆಯ ಸರಪಳಿ ಗರಗಸಗಳನ್ನೂ ಸಾಗಿಸಬಲ್ಲ ಮರಕೊಯ್ಯುವ ಯಂತ್ರಗಳನ್ನೂ ಇಲ್ಲಿ ಪರಿಶೀಲನೆಗೆ ತೆಗೆದುಕೊಳ್ಳಲಾಗಿದೆ. ಈ ವ್ಯಾಪಾರದಲ್ಲಿ ಅಜ್ಞಾನಕ್ಕೆ ತೆರಬೇಕಾದ ದಂಡ ಹಣವೊಂದೇ ಅಲ್ಲ ಎಂಬುದು ಮುಂದೆ ವಿದಿತವಾಗುವುದು.

ಮೊದಲ ಸರಪಳಿ ಗರಗಸಗಳನ್ನು ಎತ್ತಲು ಇಬ್ಬರು ಬೇಕಾಗುತ್ತಿದ್ದರು. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ೧೯೨೬ರಲ್ಲಿ ವಿದ್ಯುತ್ತಿನಿಂದಲೂ ೧೯೨೯ರಲ್ಲಿ ಪೆಟ್ರೋಲಿನಿಂದಲೂ ನಡೆಯುವ ಯಂತ್ರಗಳನ್ನು ತಂದನು. ಆದರೆ ಈ ಉಪಕರಣವು ರೈತನ ಕೊಟ್ಟಿಗೆಯನ್ನು ಹೊಕ್ಕದ್ದು ಎರಡನೆಯ ಮಹಾಯುದ್ಧದ ತರುವಾಯ. ಆರಿಗನ್ ರಾಜ್ಯದ ಜೋಸೆಫ್ ಕಾಕ್ಸ್ ಎಂಬ ಮರಕಡಿಯುವವನು ಮರವನ್ನು ಕೊರೆಯುವ ಒಂದು ಹುಳುವಿನ ದವಡೆಯನ್ನು ನೋಡಿ, ಅದೇ ಮಾದರಿಯ ಬಾಗುಹಲ್ಲಿನ ಸರಪಳಿಯನ್ನು ರೂಪಿಸಿ, ೧೯೪೭ರಲ್ಲಿ ಪೋರ್ಟ್‌ಲೆಂಡ್ ನಗರದಲ್ಲಿ ಅದರ ತಯಾರಿಕೆಯನ್ನು ಆರಂಭಿಸಿದನು. ೧೯೪೯ರಲ್ಲಿ ಮೆಕಲಕ್ ಸಂಸ್ಥೆಯವರು ಒಬ್ಬನೇ ಹಿಡಿಯಬಹುದಾದ, ೨೫ ಪೌಂಡು ತೂಗುವ ಗರಗಸವನ್ನು ಹೊರತಂದರು. ಅಲ್ಲಿಂದ ಮುಂದಿನ ಮೂರು ದಶಕಗಳ ಯಂತ್ರಗಳೇ ಇಂದು ‘ಹಳೆಯವು’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬರುತ್ತವೆ.

ಇಂಥ ಯಂತ್ರದ ಆರೋಗ್ಯವಿರುವುದು ಅದರ ಸಿಲಿಂಡರಿನೊಳಗೆ. ಎರಡು ಹೊಡೆತದ ಈ ಎಂಜಿನ್ನಿಗೆ ಎಣ್ಣೆಯ ತೊಟ್ಟಿ ಬೇರೆಯಿಲ್ಲ. ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯೇ ಒಳಭಾಗಗಳಿಗೆ ಲೇಪವಾಗಬೇಕು. ಒಮ್ಮೆ ಎಣ್ಣೆ ಬೆರೆಸಲು ಮರೆತರೆ, ಅಥವಾ ಎಲ್ಲಿಯೋ ಗಾಳಿ ಸೋರಿ ಇಂಧನದ ಪಾಲು ಕಡಿಮೆಯಾದರೆ, ಪಿಸ್ಟನ್ನಿನ ಮೈಮೇಲೆ ಉದ್ದುದ್ದನೆಯ ಗೀರುಗಳು ಬೀಳುತ್ತವೆ. ಹೊರಗಿನ ಬಣ್ಣ ಎಷ್ಟೇ ಹೊಳೆಯುತ್ತಿರಲಿ, ಆ ಗೀರು ಬಿದ್ದ ಯಂತ್ರ ಹೆಚ್ಚು ಕಾಲ ಬಾಳಲಾರದು. ಬಲ್ಲವನು ಹೊಗೆ ಹೊರಬೀಳುವ ಪೆಟ್ಟಿಗೆಯ ತಿರುಪುಗಳನ್ನು ಬಿಚ್ಚಿ, ರಂಧ್ರದ ಮೂಲಕ ಪಿಸ್ಟನ್ನನ್ನು ಕಣ್ಣಾರೆ ನೋಡುತ್ತಾನೆ. ಕಿಡಿಬುಡ್ಡಿಯ ಸ್ಥಾನದಲ್ಲಿ ಒತ್ತಡಮಾಪಕವನ್ನು ತಿರುಗಿಸಿಟ್ಟು ಹಗ್ಗವನ್ನು ನಾಲ್ಕಾರು ಸಲ ಎಳೆಯುವುದೂ ಉಂಟು. ಸ್ಥೂಲವಾಗಿ ಹೇಳುವುದಾದರೆ, ಚದರ ಅಂಗುಲಕ್ಕೆ ೧೨೦ ಪೌಂಡಿಗೂ ಮೇಲ್ಪಟ್ಟ ಒತ್ತಡ ಬಂದರೆ ಎಂಜಿನ್ನು ನೆಟ್ಟಗಿದೆ. ೧೦೦ಕ್ಕೂ ಕೆಳಗಿಳಿದರೆ ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ಎರಡು ಪರೀಕ್ಷೆಗಳೂ ಕೂಡಿ ಕಾಲು ಗಂಟೆಯ ಕೆಲಸವಷ್ಟೆ. ಮಾರುವವನು ತಾನಾಗಿ ಇವನ್ನು ಮಾಡಿ ತೋರಿಸಿದಲ್ಲಿ ಅಕರ್ಲಾಫರ ಸಮಸ್ಯೆಯ ಬಹುಭಾಗ ಪರಿಹಾರವಾದಂತೆಯೇ. ಗಿರಾಕಿ ಬರುವ ಮೊದಲೇ ಯಂತ್ರವನ್ನು ನಡೆಸಿ ಬಿಸಿಮಾಡಿಟ್ಟು, ಅದು ಒಂದೇ ಎಳೆತಕ್ಕೆ ಹೊತ್ತಿಕೊಳ್ಳುವಂತೆ ಮಾಡುವವರೂ ಉಂಟು. ಇದನ್ನರಿತವನು ಮಾತಿಗೆ ಮುನ್ನ ಸೈಲೆನ್ಸರಿನ ಮೇಲೆ ಕೈಯಿಟ್ಟು ಅದು ತಣ್ಣಗಿದೆಯೇ ಎಂದು ನೋಡಿಕೊಳ್ಳುತ್ತಾನೆ.

ಎಂಜಿನ್ನು ನೆಟ್ಟಗಿದ್ದ ಮಾತ್ರಕ್ಕೆ ಬೆಲೆ ಬಾರದು, ಬಿಡಿಭಾಗಗಳು ಸಿಗಬೇಕು. ಮೆಥನಾಲ್‌ಗಿಂತ ಸೌಮ್ಯವೆನಿಸಿದ ಎಥನಾಲ್ ಬೆರೆತ ಇಂದಿನ ಪೆಟ್ರೋಲು ಕೂಡ ಹಳೆಯ ಇಂಧನ ನಳಿಕೆಗಳನ್ನೂ ಕಾರ್ಬುರೇಟರಿನ ಪೊರೆಗಳನ್ನೂ ಕೆಡಿಸುವುದರಿಂದ ಅವನ್ನು ಬದಲಿಸದೆ ಗತ್ಯಂತರವಿಲ್ಲ. ಅರ್ಧ ಅಂಗುಲದ ಮತ್ತು ಹದಿನಾರರಲ್ಲಿ ಏಳು ಅಂಗುಲದ ಅಂತರವುಳ್ಳ ಹಳೆಯ ಸರಪಳಿಗಳು ಬಳಕೆಯಿಂದ ಹಿಂದೆ ಸರಿದಿವೆ. ತಯಾರಕರ ಗತಿಯೂ ಇದೇ. ಹೋಮ್‌ಲೈಟ್ ಸಂಸ್ಥೆ ೧೯೫೫ರಲ್ಲಿ ಟೆಕ್ಸ್‌ಟ್ರಾನ್ ಕೈಗೂ ೧೯೯೪ರಲ್ಲಿ ಡೀರ್ ಕೈಗೂ ಹೋಯಿತು. ಮೆಕಲಕ್ ೧೯೯೯ರಲ್ಲಿ ದಿವಾಳಿಯಾಗಿ, ಈಗ ಆ ಹೆಸರು ಮಾತ್ರ ಹುಸ್ಕ್‌ವಾರ್ನಾದವರ ಸ್ವತ್ತಾಗಿದೆ. (ಲಂಡನ್ನಿನ ಹಳೆಯ ಸೇತುವೆಯನ್ನು ೧೯೬೮ರಲ್ಲಿ ಕೊಂಡು, ಕಲ್ಲುಕಲ್ಲಾಗಿ ಅರಿಜೋನದ ಮರುಭೂಮಿಗೆ ಸಾಗಿಸಿದ ರಾಬರ್ಟ್ ಮೆಕಲಕ್ ಈ ಸಂಸ್ಥೆಯ ಸ್ಥಾಪಕನೇ. ಬಳಸಿದ ಸರಕನ್ನು ಕೊಂಡವರಲ್ಲಿ ಅವನಷ್ಟು ಖ್ಯಾತಿ ಪಡೆದವರು ವಿರಳ.) ಹೀಗಾಗಿ ಒಂದೇ ಯಂತ್ರಕ್ಕೆ ದುಡಿಮೆಯ ಬೆಲೆ, ಬಿಚ್ಚಿ ಮಾರಿದರೆ ಬರುವ ಬಿಡಿಭಾಗಗಳ ಬೆಲೆ, ಸಂಗ್ರಾಹಕನು ಕೊಡುವ ಬೆಲೆ ಎಂದು ಮೂರು ಬೆಲೆಗಳು ಏರ್ಪಡುತ್ತವೆ. ಮಾರುವವನು ಇವುಗಳಲ್ಲಿ ಯಾವುದನ್ನು ಕೇಳುತ್ತಿದ್ದಾನೆ ಎಂಬುದು ಅನೇಕ ವೇಳೆ ಅವನಿಗೇ ಸ್ಪಷ್ಟವಿರುವುದಿಲ್ಲ.

ಸಾಗಿಸಬಲ್ಲ ಮರಕೊಯ್ಯುವ ಯಂತ್ರದ ವಿಚಾರದಲ್ಲಿ ಗೂಢವಾದ ಗುಣವು ಕಣ್ಣಿನಿಂದ ನೋಡಿದರೂ ತಿಳಿಯದು. ಚಕ್ರಾಕಾರದ ದೊಡ್ಡ ಅಲಗು ವೇಗವಾಗಿ ತಿರುಗುವಾಗ ಅದರ ಅಂಚು ಹಿಗ್ಗುತ್ತದೆ. ಈ ಹಿಗ್ಗುವಿಕೆಗೆ ಎಡೆಯಿರಲೆಂದು ಅಲಗಿನ ನಡುಭಾಗವನ್ನು ಸುತ್ತಿಗೆಯಿಂದ ಬಡಿದು ತುಸು ಸಡಿಲಗೊಳಿಸಿರುತ್ತಾರೆ. ಯಾವ ವೇಗಕ್ಕೆಂದು ಬಡಿದರೋ ಆ ವೇಗದಲ್ಲಿ ಮಾತ್ರ ಅಲಗು ನೇರವಾಗಿ ನಿಲ್ಲುತ್ತದೆ. ಬೇರೆ ವೇಗದಲ್ಲಿ ಅಲುಗಾಡಿ ಹಲಗೆಯನ್ನು ಸೊಟ್ಟಗೆ ಕೊಯ್ಯುತ್ತದೆ. ಆ ವೇಗವನ್ನು ತಿಳಿಸದೆ ಅಲಗನ್ನು ಮಾರಿದವನು ಅರ್ಧ ಸರಕನ್ನು ತನ್ನಲ್ಲಿಯೇ ಉಳಿಸಿಕೊಂಡಂತೆ. ಅಲಗು ಬಡಿಯುವ ಕಸಬುದಾರರು ವಿರಳವಾಗುತ್ತಿರುವುದೂ, ೧೯೮೨ರಲ್ಲಿ ಇಂಡಿಯಾನದಲ್ಲಿ ಆರಂಭವಾದ ವುಡ್‌ಮೈಜರ್ ಮೊದಲಾದವರ ಬ್ಯಾಂಡ್ ಗರಗಸಗಳು ಪ್ರಚಾರಕ್ಕೆ ಬಂದುದೂ ಹಳೆಯ ಚಕ್ರಯಂತ್ರಗಳ ಬೆಲೆಯನ್ನು ತಗ್ಗಿಸಿವೆ. ಚಕ್ರದ ಅಲಗು ಒಂದೊಂದು ಕೊಯ್ತಕ್ಕೂ ಸುಮಾರು ಕಾಲು ಅಂಗುಲ ಮರವನ್ನು ಹೊಟ್ಟು ಮಾಡುತ್ತದೆ, ಎಂದರೆ ನಾಲ್ಕು ಕೊಯ್ತಕ್ಕೆ ಒಂದಂಗುಲದ ಹಲಗೆ ನಷ್ಟ. ಬ್ಯಾಂಡ್ ಗರಗಸದಲ್ಲಿ ಈ ನಷ್ಟ ಅದರ ಅರ್ಧಕ್ಕೂ ಕಡಿಮೆ.

ಕಾನೂನು ಇಲ್ಲಿ ಹೆಚ್ಚು ನೆರವಾಗದು. ಅಮೆರಿಕದ ಏಕರೂಪ ವಾಣಿಜ್ಯ ಸಂಹಿತೆಯ ಪ್ರಕಾರ ಸರಕು ಮಾರಾಟಯೋಗ್ಯವೆಂಬ ಅಂತರ್ಗತ ಭರವಸೆಯನ್ನು ಕೊಡುವವನು ಆ ಬಗೆಯ ಸರಕಿನ ವರ್ತಕ ಮಾತ್ರ. ಮನೆಯ ಕೊಟ್ಟಿಗೆಯಿಂದ ಒಂದು ಗರಗಸ ಮಾರುವವನಿಗೆ ಆ ಹೊಣೆಯಿಲ್ಲ. ‘ಇದ್ದಂತೆಯೇ’ ಎಂದು ಬರೆದುಬಿಟ್ಟರಂತೂ ಮುಗಿಯಿತು. ನಮ್ಮ ೧೯೩೦ರ ಸರಕು ಮಾರಾಟ ಅಧಿನಿಯಮದ ೧೬ನೆಯ ಪ್ರಕರಣವೂ ಬಹುಮಟ್ಟಿಗೆ ಇದೇ ಜಾಡಿನದು. ಕೊಳ್ಳುವವನು ಪರೀಕ್ಷಿಸಿ ಕೊಂಡಿದ್ದರೆ, ಆ ಪರೀಕ್ಷೆಯಿಂದ ಗೊತ್ತಾಗಬೇಕಾಗಿದ್ದ ದೋಷಕ್ಕೆ ಅಲ್ಲಿಯೂ ಪರಿಹಾರವಿಲ್ಲ.

ಹಣದ ಲೆಕ್ಕವನ್ನು ಮೀರಿದ ಸಂಗತಿ ಇಲ್ಲಿಂದ ಆರಂಭ. ಗರಗಸದ ಸರಪಳಿ ಸುತ್ತುವ ಚಪ್ಪಟೆ ಉಕ್ಕಿಗೆ ‘ಬಾರ್’ ಎಂದು ಹೆಸರು. ಅದರ ತುದಿಯ ಮೇಲರ್ಧ ಮರಕ್ಕೆ ತಾಗಿದ ಕ್ಷಣದಲ್ಲಿ ಇಡೀ ಯಂತ್ರವು ಹಿಡಿದವನ ಮುಖದ ಕಡೆಗೆ ಸಿಡಿಯುತ್ತದೆ. ಸರಪಳಿಯನ್ನು ತತ್‌ಕ್ಷಣ ನಿಲ್ಲಿಸುವ ಬ್ರೇಕು ೧೯೭೦ರ ದಶಕದ ಆದಿಯಿಂದೀಚೆಗೆ ಬಳಕೆಗೆ ಬಂತು. ಅದಕ್ಕೂ ಹಿಂದಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮವು ೧೯೯೫ರ ಫೆಬ್ರವರಿ ೯ರ ತರುವಾಯ ಮರಕಡಿಯುವ ಉದ್ಯಮದಲ್ಲಿ ಹೊಸದಾಗಿ ಬಳಕೆಗೆ ತಂದ ಪ್ರತಿಯೊಂದು ಗರಗಸಕ್ಕೂ ಬ್ರೇಕನ್ನು ಕಡ್ಡಾಯ ಮಾಡಿತು. ಈ ನಿಯಮ ಕೆಲಸಗಾರರನ್ನಿಟ್ಟ ಯಜಮಾನನಿಗೆ ಅನ್ವಯಿಸುವುದೇ ಹೊರತು, ತನ್ನ ಹೊಲದ ಸೌದೆಯನ್ನು ತಾನೇ ಕೊಯ್ಯುವವನಿಗೆ ಅನ್ವಯಿಸದು. ಕಸಬುದಾರನು ಮುಟ್ಟಲಾಗದ ಯಂತ್ರವು ಅಗ್ಗವಾಗುತ್ತದೆ. ಅಗ್ಗವಾದದ್ದನ್ನು ಕೊಳ್ಳುವವನು ಹೊಸದಕ್ಕೆ ಹಣವಿಲ್ಲದವನು, ಅನೇಕ ವೇಳೆ ಗರಗಸ ಹಿಡಿಯುವುದನ್ನು ಯಾರಿಂದಲೂ ಕಲಿಯದವನು. ಪಿಸ್ಟನ್ನಿನ ಗೀರು ಬೆಲೆಯಲ್ಲಿ ಒಂದಲ್ಲ ಒಂದು ದಿನ ಪ್ರತಿಫಲಿಸುತ್ತದೆ. ಬ್ರೇಕಿಲ್ಲದಿರುವಿಕೆಯಾದರೋ ಬೆಲೆಯನ್ನು ತಗ್ಗಿಸಿ, ಆ ತಗ್ಗಿದ ಬೆಲೆಯಿಂದಲೇ ಅಪಾಯವನ್ನು ಅನನುಭವಿಯ ಕೈಗೆ ದಾಟಿಸುತ್ತದೆ. ಕೆಲವು ಮಾರಾಟಗಾರರು ಇಂಥ ಯಂತ್ರದ ಬಾರನ್ನೂ ಸರಪಳಿಯನ್ನೂ ಕಳಚಿ, ಎಂಜಿನ್ನಿನ ಭಾಗವನ್ನು ಮಾತ್ರ ಸಂಗ್ರಾಹಕರಿಗೆ ಕೊಡುತ್ತಾರೆ. ಇದರಿಂದ ಅವರಿಗೆ ಬರುವ ಹಣ ತುಸು ಕಡಿಮೆ. ಹಾಗೆ ಮಾಡೆಂದು ಯಾವ ಕಾನೂನೂ ಅವರಿಗೆ ಹೇಳಿಲ್ಲ.