ಪಾಯಿಂಟ್ ಗಾರ್ಡ್ ಬೇಕಾಗಿದ್ದಾಳೆ

ಬ್ಯಾಸ್ಕೆಟ್‌ಬಾಲ್‌ನಲ್ಲಿ ಎದುರಾಳಿ ಬುಟ್ಟಿಗೆ ಚೆಂಡು ಹಾಕಿದ ಮರುಕ್ಷಣವೇ ಪಾಯಿಂಟ್ ಗಾರ್ಡ್‌ನ ಕೆಲಸ ಶುರುವಾಗುತ್ತದೆ. ಅಂಕಣದ ಉದ್ದ 28 ಮೀಟರ್. ಅಂತರರಾಷ್ಟ್ರೀಯ ನಿಯಮದಂತೆ ಅದರ ಅರ್ಧ ದಾಟಲು 8 ಸೆಕೆಂಡ್, ಬುಟ್ಟಿಗೆ ಎಸೆಯಲು ಒಟ್ಟು 24 ಸೆಕೆಂಡ್. ಇಷ್ಟರೊಳಗೆ ಆಕೆ ಚೆಂಡನ್ನು ಪುಟಿಸುತ್ತಾ ಮುಂದೆ ತರಬೇಕು, ಯಾವ ಆಟ ಕಟ್ಟಬೇಕೆಂದು ಕೂಗಿ ಹೇಳಬೇಕು, ಯಾರಿಗೆ ಯಾವಾಗ ಪಾಸ್ ಕೊಡಬೇಕೆಂದು ತೀರ್ಮಾನಿಸಬೇಕು. ತಂಡದಲ್ಲಿ ಎತ್ತರದ ಹುಡುಗಿಯರು ಎಷ್ಟೇ ಇರಲಿ, ಚೆಂಡು ಅವರ ಕೈ ಸೇರದಿದ್ದರೆ ಏನೂ ಸಾಗದು. ಎದುರಾಳಿಗಳು ಅಂಕಣದುದ್ದಕ್ಕೂ ಮೈಮೇಲೆ ಬಿದ್ದು ‘ಫುಲ್ ಕೋರ್ಟ್ ಪ್ರೆಸ್’ ಹಾಕಿದರಂತೂ ಒಳ್ಳೆಯ ಗಾರ್ಡ್ ಇಲ್ಲದ ಕಾಲೇಜು ತಂಡ ಹತ್ತು ನಿಮಿಷದ ಮೊದಲ ಕ್ವಾರ್ಟರ್‌ನಲ್ಲೇ ಕೈಚೆಲ್ಲಿಬಿಡುತ್ತದೆ.

ಇಷ್ಟಾದರೂ ತಂಡ ಕಟ್ಟುವವರ ಕಣ್ಣು ಮೊದಲು ಹೋಗುವುದು ಎತ್ತರದ ಕಡೆಗೆ, ಆಮೇಲೆ ಅಂಕಗಳ ಕಡೆಗೆ. ಇದಕ್ಕೆ ಸ್ಕೋರ್‌ಶೀಟೂ ಸ್ವಲ್ಪ ಕಾರಣ. ಯಾರು ಎಷ್ಟು ಅಂಕ ಗಳಿಸಿದರು, ಯಾರು ಎಷ್ಟು ಫೌಲ್ ಮಾಡಿದರು ಎಂಬುದಕ್ಕೆ ಅದರಲ್ಲಿ ಮನೆಗಳಿವೆ. ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್‌ಗೆ, ಕಳೆದುಕೊಳ್ಳದೆ ತಂದ ಚೆಂಡಿಗೆ ಮನೆಯಿಲ್ಲ. ಅಮೆರಿಕದ ಕಾಲೇಜುಗಳು ಅಸಿಸ್ಟ್, ಟರ್ನೋವರ್ ಎರಡನ್ನೂ ಪಂದ್ಯವಾರು ಲೆಕ್ಕ ಇಟ್ಟು ಗಾರ್ಡ್‌ಗಳನ್ನು ಅಳೆಯುತ್ತವೆ. ಅಲ್ಲಿನ ಕೋಚ್‌ಗಳು ಹೈಸ್ಕೂಲಿನಲ್ಲೇ ಹುಡುಗಿಯರನ್ನು ನೋಡಿಟ್ಟುಕೊಂಡು, ವಿದ್ಯಾರ್ಥಿವೇತನ ಮುಂದಿಟ್ಟು ಕರೆಯುತ್ತಾರೆ. ಶಿಕ್ಷಣದಲ್ಲಿ ಲಿಂಗತಾರತಮ್ಯವನ್ನು ನಿಷೇಧಿಸಿದ 1972ರ ಟೈಟಲ್ ನೈನ್ ಕಾನೂನಿನ ನಂತರ ಮಹಿಳಾ ಕ್ರೀಡೆಯಲ್ಲಿ ಬೇರೂರಿದ ಪದ್ಧತಿ ಅದು. ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡಿ ಹೆಸರಾದ ಪಾಯಿಂಟ್ ಗಾರ್ಡ್ ಡಾನ್ ಸ್ಟೇಲಿಯ ಎತ್ತರ 5 ಅಡಿ 6 ಅಂಗುಲ ಮಾತ್ರ.

ಹಾಸನ ಜಿಲ್ಲೆಯಲ್ಲಿ ಕ್ರಮ ತಿರುಗುಮುರುಗು. ಇಲ್ಲಿ ಕಾಲೇಜು ಆಟಗಾರ್ತಿಯನ್ನು ಹುಡುಕಿಕೊಂಡು ಹೋಗುವುದು ಅಪರೂಪ. ಪ್ರವೇಶ ಮುಗಿದ ಮೇಲೆ, ಬಂದವರಲ್ಲಿ ಯಾರಿಗೆ ಆಟ ಬರುತ್ತದೆಂದು ದೈಹಿಕ ಶಿಕ್ಷಣ ನಿರ್ದೇಶಕರು, ಅಂದರೆ ಹುಡುಗಿಯರ ಬಾಯಲ್ಲಿ ‘ಪಿ.ಡಿ. ಸರ್’ ಅಥವಾ ‘ಪಿ.ಡಿ. ಮೇಡಂ’, ವಿಚಾರಿಸುತ್ತಾರೆ. ಮುಂದಿನದು ಅಂತರ ಕಾಲೇಜು ಪಂದ್ಯಾವಳಿ, ಅಲ್ಲಿಂದ 12 ಮಂದಿಯ ವಿಶ್ವವಿದ್ಯಾಲಯ ತಂಡ, ಅಲ್ಲಿಂದ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಕೂಟ. ಈ ಕೊನೆಯ ಹಂತದ ಪ್ರಮಾಣಪತ್ರಕ್ಕೆ ಸರ್ಕಾರಿ ಉದ್ಯೋಗದ ಕ್ರೀಡಾ ಕೋಟಾದಲ್ಲಿ ಬೆಲೆಯಿದೆ. ಹನ್ನೆರಡರೊಳಗೆ ಸೇರುವ ಆಸೆ ಬರಿಯ ಆಟದ ಆಸೆಯಲ್ಲ.

2023ರಲ್ಲಿ ಹೇಮಗಂಗೋತ್ರಿ ಸ್ನಾತಕೋತ್ತರ ಕೇಂದ್ರವನ್ನು ನೆಲೆಯಾಗಿಸಿ ಹಾಸನ ವಿಶ್ವವಿದ್ಯಾಲಯ ಆರಂಭವಾಗುವ ತನಕ ಜಿಲ್ಲೆಯ ಪದವಿ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದಲ್ಲಿದ್ದವು. ಅರಕಲಗೂಡಿನ ಹುಡುಗಿ ಕ್ರೀಡಾ ಹಾಸ್ಟೆಲಿನಲ್ಲಿ ವರ್ಷಗಟ್ಟಲೆ ಪಳಗಿದ ಮೈಸೂರಿನವರೊಂದಿಗೆ ಸೆಣಸಿ ಜಾಗ ಗಿಟ್ಟಿಸಬೇಕಿತ್ತು. ಹೊಸ ವಿಶ್ವವಿದ್ಯಾಲಯದಿಂದ ಹನ್ನೆರಡು ಜಾಗಗಳು ಹತ್ತಿರ ಬಂದವು. ಆದರೆ ಪ್ರತಿಭೆ ಹಂಚಿಹೋಗುವುದು ನಿಂತಿಲ್ಲ. 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಸೇರಿದವಳು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಲೆಕ್ಕಕ್ಕೆ ಹೋಗುತ್ತಾಳೆ. ಹಾಸನದ ಪಶುವೈದ್ಯ ಕಾಲೇಜಿನವಳು ಬೀದರ್‌ನ ವಿಶ್ವವಿದ್ಯಾಲಯಕ್ಕೆ, ವೈದ್ಯಕೀಯ ಕಾಲೇಜಿನವಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ, ಕಾರೇಕೆರೆಯ ಕೃಷಿ ಕಾಲೇಜಿನವಳು ಕೃಷಿ ವಿಶ್ವವಿದ್ಯಾಲಯಕ್ಕೆ. ಒಂದೇ ಊರಿನ ನಾಲ್ವರು ಗೆಳತಿಯರು ನಾಲ್ಕು ಜರ್ಸಿ ತೊಡಬಹುದು. ಉಳಿದ ಕೊರತೆ ಹೇಗಾದರೂ ತುಂಬೀತು, ಗಾರ್ಡ್‌ನದು ಕಷ್ಟ. ಆಕೆಯ ಪಾಸ್ ಎಲ್ಲಿಗೆ ಬರುತ್ತದೆಂದು ಉಳಿದವರಿಗೆ ಗೊತ್ತಾಗಲು ಜೊತೆಯಲ್ಲಿ ಆಡಿದ ಅಭ್ಯಾಸ ಬೇಕು.

ತಾಲ್ಲೂಕು ಕೇಂದ್ರಗಳಲ್ಲಿ ಹೆಣ್ಣುಮಕ್ಕಳ ಆಟವೆಂದರೆ ಮುಖ್ಯವಾಗಿ ಖೋ ಖೋ, ಕಬಡ್ಡಿ, ಥ್ರೋಬಾಲ್, ವಾಲಿಬಾಲ್. ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಅಂಕಣವನ್ನು ಕಾಲೇಜಿಗೆ ಬಂದ ಮೇಲೆ ಮೊದಲ ಸಲ ತುಳಿಯುವವರೂ ಇದ್ದಾರೆ. ಹಾಗಾಗಿ ಗಾರ್ಡ್ ಅನ್ನು ಆರಿಸುವುದೆಂದರೆ ಬೇರೆ ಆಟದಲ್ಲಿ ಆಕೆಯನ್ನು ಗುರುತಿಸುವುದು. ಥ್ರೋಬಾಲ್ ಆಡಿದವಳಿಗೆ ಚೆಂಡು ಹಿಡಿಯುವ ಕೈ ಪಕ್ಕಾ, ಪುಟಿಸುವುದು ಮಾತ್ರ ಗೊತ್ತಿರುವುದಿಲ್ಲ. ಖೋ ಖೋ ಆಟಗಾರ್ತಿಯೇ ಹೆಚ್ಚು ಒದಗುತ್ತಾಳೆ: ಬಗ್ಗಿ ಓಡುವುದು, ಓಡುತ್ತಲೇ ಮೈ ಹೊರಳಿಸಿ ದಿಕ್ಕು ತಪ್ಪಿಸುವುದು ಆಕೆಗೆ ಸಹಜ. ಡ್ರಿಬಲ್ ಕೆಲವು ತಿಂಗಳಲ್ಲಿ ಕಲಿಸಬಹುದು, ಆ ಕಾಲನ್ನು ಕಲಿಸಲು ವರ್ಷಗಳು ಹಿಡಿಯುತ್ತವೆ.

ಸೆಲೆಕ್ಷನ್ ಟ್ರಯಲ್ಸ್‌ನಲ್ಲಿ ಅನುಭವಿ ಪಿ.ಡಿ. ಬುಟ್ಟಿಯ ಕಡೆ ನೋಡುವುದು ಕಡಿಮೆ. ಹುಡುಗಿಯನ್ನು ತನ್ನ ಬುಟ್ಟಿಯ ಕೆಳಗೆ ನಿಲ್ಲಿಸಿ, ಎದುರಿಗೆ ಒಬ್ಬಳನ್ನು ಬಿಟ್ಟು, ಎಂಟು ಸೆಕೆಂಡಿನಲ್ಲಿ ನಡುಗೆರೆ ದಾಟಲು ಹೇಳಲಾಗುತ್ತದೆ. ಹೆಚ್ಚಿನವರು ಬಲಗೈಯಲ್ಲಿ ಪುಟಿಸುತ್ತಾ, ಚೆಂಡನ್ನೇ ನೋಡುತ್ತಾ, ಪಕ್ಕದ ಗೆರೆಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ಅಡ್ಡ ನಿಂತವಳು ಬಲಬದಿ ಮುಚ್ಚಿದ ಕೂಡಲೇ ಎಡಗೈಗೆ ಚೆಂಡು ದಾಟಿಸಿ, ತಲೆ ಎತ್ತಿಯೇ ಬರುವವಳು ಒಬ್ಬಳು ಸಿಕ್ಕರೆ ಅವಳ ಹೆಸರಿನ ಮುಂದೆ ಗುರುತು ಬೀಳುತ್ತದೆ. ಆಮೇಲೆ ಇಬ್ಬರನ್ನು ಅಡ್ಡ ಬಿಟ್ಟು ನೋಡುತ್ತಾರೆ. ಇಬ್ಬರೆದುರು ಚೆಂಡು ಕೈತಪ್ಪುವುದೇ ಹೆಚ್ಚು. ತಪ್ಪಿದ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೋ, ತಿರುಗಿ ಓಡಿ ತನ್ನ ಬುಟ್ಟಿ ಕಾಯುತ್ತಾಳೋ ಎಂಬುದು ನಿಜವಾದ ಪರೀಕ್ಷೆ. ದನಿಯನ್ನೂ ಗಮನಿಸುತ್ತಾರೆ. ಸೀನಿಯರ್ ಅಕ್ಕಂದಿರಿಗೆ ‘ಈ ಕಡೆ ಬನ್ನಿ’ ಎಂದು ಕೂಗಿ ಹೇಳಲು ಸಂಕೋಚಪಡುವ ಮೊದಲ ವರ್ಷದ ಹುಡುಗಿ, ಕೈ ಎಷ್ಟೇ ಪಳಗಿದ್ದರೂ, ಆ ವರ್ಷ ತಂಡ ನಡೆಸಲಾರಳು.

ಆರಿಸಿದವಳು ಉಳಿಯುವುದು ಬೇರೆ ಮಾತು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಮೂರೂ ಹಾಸನದಿಂದ ಸುಮಾರು 30–40 ಕಿ.ಮೀ. ದೂರದಲ್ಲಿವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸಿನ ಖರ್ಚು ತಪ್ಪಿದೆ, ಬಸ್ಸಿನ ವೇಳೆ ತಪ್ಪಿಲ್ಲ. ತರಗತಿ ಮುಗಿದ ಮೇಲೆ ಅಭ್ಯಾಸಕ್ಕೆ ನಿಂತರೆ ಪಟ್ಟಣದ ಬಸ್ ಸಿಕ್ಕರೂ ಅಲ್ಲಿಂದ ಹಳ್ಳಿಗೆ ಹೋಗುವ ಕೊನೆಯ ಬಸ್ ಸಿಗುವುದಿಲ್ಲ. ಆದ್ದರಿಂದ ಹಾಸ್ಟೆಲ್‌ನಲ್ಲಿರುವವಳೋ ಮನೆಯಿಂದ ಓಡಾಡುವವಳೋ ಎಂಬ ಪ್ರಶ್ನೆ ಎತ್ತರದ ಪ್ರಶ್ನೆಗಿಂತ ಮೊದಲು ಬರುತ್ತದೆ.

ನಿಜವಾಗಿ ಹುಡುಕಿಕೊಂಡು ಹೋಗಿ ಕರೆತರುವ ಸಂಸ್ಥೆಗಳು ರಾಜ್ಯದಲ್ಲಿ ಇಲ್ಲದಿಲ್ಲ. ಮೂಡುಬಿದಿರೆಯ ಆಳ್ವಾಸ್ ಕ್ರೀಡಾಪಟುಗಳನ್ನು ದತ್ತು ಪಡೆದು ಉಚಿತ ಓದು, ಊಟ, ವಸತಿ ಕೊಡುತ್ತದೆ. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯಗಳೂ ಕ್ರೀಡಾಪಟುಗಳನ್ನು ಸೆಳೆಯುತ್ತವೆ. ಅಮೆರಿಕದ ಬಲೆಯೂ ಇಲ್ಲಿಗೆ ಚಾಚಿದೆ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಆಡಲು ಹೋದರು, ಆದರೆ ಅವರು ಎತ್ತರದ ಫಾರ್ವರ್ಡ್.

ಜಿಲ್ಲೆಯ ಕಾಲೇಜುಗಳ ಕೈಯಲ್ಲಿರುವುದು ಸಮಯ. ಪಿಯು ಕಾಲೇಜುಗಳ ತಾಲ್ಲೂಕು, ಜಿಲ್ಲಾ ಕೂಟಗಳು ನಡೆಯುವುದು ಪದವಿ ಪ್ರವೇಶಕ್ಕೆ ಎಷ್ಟೋ ತಿಂಗಳು ಮೊದಲು. ದ್ವಿತೀಯ ಪಿಯುಸಿಯ ಹುಡುಗಿಯನ್ನು ಅಲ್ಲೇ ಕಂಡು, ಮನೆಯವರೊಡನೆ ಹಾಸ್ಟೆಲ್ ಮಾತಾಡಿಟ್ಟರೆ ಆಕೆ ಬೇರೆಡೆ ಹೋಗುವುದು ಕಡಿಮೆ. 2024–25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿರುವುದರಿಂದ, ಈಗಿನ ಗಾರ್ಡ್ ಎರಡನೇ ವರ್ಷಕ್ಕೆ ಕಾಲಿಟ್ಟಾಗಲೇ ಮುಂದಿನವಳನ್ನು ತಂಡಕ್ಕೆ ತಂದುಕೊಂಡಿರಬೇಕು. ಆಗ ಇಬ್ಬರೂ ಎರಡು ವರ್ಷ ಒಂದೇ ಅಂಕಣದಲ್ಲಿ ಎದುರುಬದುರು ಅಭ್ಯಾಸ ಮಾಡುತ್ತಾರೆ, ಚಿಕ್ಕವಳು ಪ್ರೆಸ್ ಎದುರಿಸಲು ಕಲಿಯುವುದು ದೊಡ್ಡವಳಿಂದಲೇ.