ಬಾಲ್ಯದ ವಿಡಿಯೋ ಆಟಗಳಿಗೆ ಇಂದಿನ ಅಂಕಪಟ್ಟಿ

ಮನುಷ್ಯನು ತನ್ನ ಬಾಲ್ಯದ ಊಟವನ್ನೂ ಬಾಲ್ಯದ ಆಟವನ್ನೂ ಕೊನೆಯವರೆಗೆ ಹೊಗಳುತ್ತಲೇ ಇರುತ್ತಾನೆ. ಅಂದಿನ ರೊಟ್ಟಿಯ ರುಚಿ ಇಂದಿಗಿಲ್ಲ, ಅಂದಿನ ಲಗೋರಿಯ ಸೊಗಸು ಇಂದಿನ ಆಟಗಳಿಗಿಲ್ಲ ಎಂಬ ಮಾತು ಎಲ್ಲ ಮನೆಗಳ ಜಗಲಿಯ ಮೇಲೂ ಕೇಳಿಬರುವಂಥದು. ಈ ಹೊಗಳಿಕೆಯ ಪಟ್ಟಿಗೆ ಈಗ ಹೊಸದೊಂದು ಹೆಸರು ಸೇರಿಕೊಂಡಿದೆ. 1990ರ ದಶಕದಲ್ಲಿ ಹತ್ತು ಹನ್ನೆರಡು ವರ್ಷದವರಾಗಿದ್ದ ಬಾಲಕ ಬಾಲಕಿಯರು ಇಂದು ತಾವೇ ತಂದೆ ತಾಯಿಗಳಾಗಿದ್ದಾರೆ. ಮಕ್ಕಳ ಕೈಯಲ್ಲಿ ಮೊಬೈಲನ್ನು ಕಂಡಾಗಲೆಲ್ಲ ಅವರು, “ನಮ್ಮ ಕಾಲದ ವಿಡಿಯೋ ಗೇಮೇ ಬೇರೆ” ಎನ್ನುತ್ತಾರೆ. ಮಕ್ಕಳು ಕೇಳಿ ನಗುತ್ತಾರೆ.

ಈ ಮಾತಿನಲ್ಲಿ ಹುರುಳೆಷ್ಟು? ಅದು ಬರಿಯ ನೆನಪಿನ ಸವಿಯೇ, ಇಲ್ಲವೇ ಆ ಆಟಗಳಲ್ಲಿ ನಿಜವಾಗಿಯೂ ಸತ್ವವಿದ್ದಿತೇ? ಇದನ್ನು ಅರಿಯುವ ಸಲುವಾಗಿ ಆ ಕಾಲದ ಆರು ಆಟಗಳನ್ನು ಬೇಸಿಗೆಯ ರಜೆಯಲ್ಲಿ ಮನೆಮಂದಿಯೊಡನೆ ಕುಳಿತು ಮತ್ತೊಮ್ಮೆ ಆಡಿ ನೋಡಿದೆವು. ಅಟ್ಟದ ಮೇಲಿದ್ದ ಹಳೆಯ ಪೆಟ್ಟಿಗೆಯೂ, ಬಂಧುಗಳೊಬ್ಬರ ಮನೆಯಲ್ಲಿ ಇನ್ನೂ ಉಳಿದಿದ್ದ ಡಬ್ಬಾ ಟಿ.ವಿ.ಯೂ ಈ ಕಾರ್ಯಕ್ಕೆ ಒದಗಿದವು. ಶಾಲೆಯ ಪರೀಕ್ಷೆಯಂತೆ ಹತ್ತಕ್ಕೆ ಇಂತಿಷ್ಟೆಂದು ಅಂಕಗಳನ್ನೂ ಕೊಟ್ಟಿದ್ದೇವೆ. ಅದರ ಫಲಿತಾಂಶವನ್ನು ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಪೆಟ್ಟಿಗೆಯ ಪೂರ್ವಕಥೆ

ನಮ್ಮ ಮನೆಗಳಿಗೆ ಬಂದ ಆ ಪೆಟ್ಟಿಗೆಯ ಮೂಲ ಜಪಾನ್ ದೇಶ. ಕ್ಯೋಟೋ ನಗರದಲ್ಲಿ 1889ರಲ್ಲಿ ಇಸ್ಪೀಟಿನಂತಹ ಎಲೆಗಳನ್ನು ತಯಾರಿಸಲು ಆರಂಭವಾದ ನಿಂಟೆಂಡೋ ಸಂಸ್ಥೆಯು 1983ರ ಜುಲೈ 15ರಂದು ಟಿ.ವಿ.ಗೆ ಜೋಡಿಸಿ ಆಡುವ ಯಂತ್ರವೊಂದನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಇಟ್ಟ ಹೆಸರು ‘ಫ್ಯಾಮಿಲಿ ಕಂಪ್ಯೂಟರ್’. ಹೆಸರಿಗೆ ತಕ್ಕಂತೆ ಅದರಲ್ಲಿ ಒಂದಲ್ಲ, ಎರಡು ರಿಮೋಟುಗಳು ಪೆಟ್ಟಿಗೆಗೇ ಅಂಟಿಕೊಂಡಿದ್ದವು. ಒಬ್ಬರೇ ಆಡುವ ಯಂತ್ರವಲ್ಲ, ಇಬ್ಬರು ಒಟ್ಟಿಗೆ ಕೂಡುವ ಯಂತ್ರ ಎಂಬುದನ್ನು ಅದರ ರಚನೆಯೇ ಹೇಳುತ್ತಿತ್ತು. 1985ರಲ್ಲಿ ಅದು ಬೇರೊಂದು ರೂಪ ತಳೆದು ಅಮೆರಿಕವನ್ನು ಪ್ರವೇಶಿಸಿತು. ಜಗತ್ತಿನಾದ್ಯಂತ ಒಟ್ಟು 6 ಕೋಟಿಗೂ ಮಿಕ್ಕಿ ಯಂತ್ರಗಳು ಮಾರಾಟವಾದವು.

ಕರ್ನಾಟಕದ ಊರುಗಳಲ್ಲಿ ಕಂಡುಬಂದವುಗಳಲ್ಲಿ ಹೆಚ್ಚಿನವು ಇದರ ಅನುಕರಣೆಯ ಪೆಟ್ಟಿಗೆಗಳು. ನಾವೆಲ್ಲ ‘ಕ್ಯಾಸೆಟ್’ ಎಂದು ಕರೆಯುತ್ತಿದ್ದ ಆ ಹಳದಿ, ಕಪ್ಪು ಬಿಲ್ಲೆಗಳ ಮೇಲೆ ನೂರಾರು, ಸಾವಿರಾರು ಆಟಗಳಿವೆಯೆಂದು ಅಚ್ಚು ಹಾಕಿರುತ್ತಿದ್ದರು. ತೆರೆದು ನೋಡಿದರೆ ಇರುತ್ತಿದ್ದುದು ಹತ್ತಾರು ಆಟಗಳಷ್ಟೆ. ಅವೇ ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಹಂತದಿಂದ ಆರಂಭವಾಗಿ ಮತ್ತೆ ಮತ್ತೆ ಬರುತ್ತಿದ್ದವು. ಚಿತ್ರ ಮೂಡದಿದ್ದಾಗ ಕ್ಯಾಸೆಟ್ಟಿಗೆ ಉಫ್ ಎಂದು ಊದಿ ಹಾಕುವುದು ಆ ಕಾಲದ ಸಾರ್ವತ್ರಿಕ ಚಿಕಿತ್ಸೆ. ವಾಸ್ತವದಲ್ಲಿ ಗುಣ ಮಾಡುತ್ತಿದ್ದುದು ಊದುವಿಕೆಯಲ್ಲ. ಹೊರತೆಗೆದು ಮತ್ತೆ ಸೇರಿಸಿದಾಗ ಲೋಹದ ಹಲ್ಲುಗಳು ಸರಿಯಾಗಿ ಕೂಡಿಕೊಳ್ಳುತ್ತಿದ್ದವು. ಉಸಿರಿನ ತೇವವು ಲೋಹಕ್ಕೆ ಕೆಡುಕು ಎಂದು ನಿಂಟೆಂಡೋ ಸಂಸ್ಥೆಯೇ ಎಚ್ಚರಿಸಿದ್ದುಂಟು.

ಅಂಕ ಕೊಡುವಾಗ ನಾವು ಚಿತ್ರಗಳ ಅಂದವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಇಂದಿನ ಆಟಗಳೆದುರು ಅವು ಹೇಗೂ ನಿಲ್ಲಲಾರವು. ನಮ್ಮ ಒರೆಗಲ್ಲುಗಳು ಮೂರು. ಯಾರೂ ಹೇಳಿಕೊಡದೆ ಆಟವು ತಾನಾಗಿಯೇ ಅರ್ಥವಾಗುತ್ತದೆಯೇ? ಸೋತಾಗ ‘ತಪ್ಪು ನನ್ನದೇ’ ಎಂದು ಮಗು ಒಪ್ಪುವಷ್ಟು ಆಟ ನ್ಯಾಯವಾಗಿದೆಯೇ? ಇಬ್ಬರು ಕೂಡಿ ಆಡಲು ಬರುತ್ತದೆಯೇ?

ಸೂಪರ್ ಮಾರಿಯೋ ಬ್ರದರ್ಸ್ (1985)

ಮೀಸೆಯ ಮಾರಿಯೋನನ್ನು ಅರಿಯದವರು ವಿರಳ. ಇದನ್ನು ರೂಪಿಸಿದವರು ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ. ಸಂಗೀತ ಕೋಜಿ ಕೊಂಡೋ ಅವರದು. ಎಂಟು ಲೋಕಗಳು, ಲೋಕಕ್ಕೆ ನಾಲ್ಕರಂತೆ ಒಟ್ಟು 32 ಹಂತಗಳು. ಇಷ್ಟೆಲ್ಲವೂ ಅಡಗಿದ್ದುದು ಕೇವಲ 40 ಕಿಲೋಬೈಟುಗಳಲ್ಲಿ! ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಭಾವಚಿತ್ರವೂ ಅದರ ಹತ್ತಾರು ಪಟ್ಟು ಜಾಗವನ್ನು ನುಂಗುತ್ತದೆ. ಆ ಮಿತವ್ಯಯಕ್ಕೆ ಒಂದು ನಿದರ್ಶನವಿದು: ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಆಕೃತಿ, ಬಣ್ಣವಷ್ಟೇ ಬೇರೆ. ಬಡತನದಲ್ಲಿ ಜಾಣ ಗೃಹಿಣಿ ಹಳೆಯ ಸೀರೆಯಿಂದ ಕೌದಿ ಹೊಲಿದಂತೆ.

ಆಟದ ಮೊದಲ ಹಂತವನ್ನು ಒಳ್ಳೆಯ ಗುರುವಿಗೆ ಹೋಲಿಸಬಹುದು. ಎಡಗಡೆ ನಿಂತ ಮಾರಿಯೋನ ಬಲಕ್ಕೆ ಬಯಲು. ಆದುದರಿಂದ ಮಗು ಬಲಕ್ಕೆ ನಡೆಯುತ್ತದೆ. ಎದುರಿಗೆ ಶತ್ರು ಬಂದಾಗ ಹಾರಲು ಕಲಿಯುತ್ತದೆ. ಹಾರಿದಾಗ ತಲೆ ತಾಗಿ ಪ್ರಶ್ನಾರ್ಥಕ ಚಿಹ್ನೆಯ ಇಟ್ಟಿಗೆಯಿಂದ ನಾಣ್ಯ ಉದುರುತ್ತದೆ. ಒಂದಕ್ಷರದ ಉಪದೇಶವಿಲ್ಲದೆ ಮೂರು ಪಾಠಗಳು ಮುಗಿದವು. ಎಂದೂ ಈ ಆಟ ಆಡಿರದ ಎಂಟು ವರ್ಷದ ಬಾಲಕಿಯೊಬ್ಬಳು ಯಾರನ್ನೂ ಕೇಳದೆ ಮೊದಲ ಹಂತವನ್ನು ಏಳನೆಯ ಪ್ರಯತ್ನಕ್ಕೆ ದಾಟಿದಳು. ಕೊರತೆಯೆಂದರೆ, ಇಬ್ಬರು ಆಡುವಾಗ ಸರದಿಯಂತೆ ಆಡಬೇಕು. ಅಣ್ಣನಿಗೆ ಮಾರಿಯೋ, ತಮ್ಮನಿಗೆ ಅವನ ತಮ್ಮ ಲುಯೀಜಿ. ಅಣ್ಣನ ಲೈಫ್ ಹೋಗುವವರೆಗೆ ತಮ್ಮ ಬಾಯಿ ಬಿಟ್ಟುಕೊಂಡು ಕಾಯಬೇಕು. ಅಂಕ: 10ಕ್ಕೆ 9.

ಕಾಂಟ್ರಾ (1987)

ಕೊನಾಮಿ ಸಂಸ್ಥೆಯ ಈ ಆಟ ಮೊದಲು ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳಲ್ಲಿ ಬಂದು, 1988ರಲ್ಲಿ ಮನೆಯ ಪೆಟ್ಟಿಗೆಗೆ ಇಳಿಯಿತು. ಇಬ್ಬರು ಸೈನಿಕರು ಒಟ್ಟಿಗೆ ಓಡುತ್ತ ಗುಂಡು ಹಾರಿಸಬೇಕು. ಒಂದೇ ಒಂದು ಗುಂಡು ತಗುಲಿದರೂ ಲೈಫ್ ಹೋದಂತೆಯೇ. ಮೂರೇ ಲೈಫ್‌ಗಳಲ್ಲಿ ಎಂಟು ಹಂತಗಳನ್ನು ಮುಗಿಸುವುದು ಸಾಮಾನ್ಯರಿಗೆ ಸಾಧ್ಯವಾಗದ ಮಾತು. ಅದಕ್ಕೆಂದೇ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಎಂಬ ಗುಪ್ತ ಮಂತ್ರವನ್ನು ಒತ್ತಿ 30 ಲೈಫ್‌ಗಳನ್ನು ಪಡೆಯುವ ದಾರಿಯೊಂದಿತ್ತು. ಈ ಮಂತ್ರದ ಕರ್ತೃ ಕಝುಹಿಸಾ ಹಶಿಮೊಟೊ. 1986ರಲ್ಲಿ ‘ಗ್ರೇಡಿಯಸ್’ ಎಂಬ ಬೇರೊಂದು ಆಟವನ್ನು ಮನೆಯ ಪೆಟ್ಟಿಗೆಗೆ ಅಳವಡಿಸುತ್ತಿದ್ದಾಗ, ಅದು ತಮಗೇ ಬಲು ಕಠಿಣವೆನಿಸಿ, ಪರೀಕ್ಷಿಸುವ ಅನುಕೂಲಕ್ಕೆ ಅವರು ಇದನ್ನು ಹೊಸೆದರು. ಅವರು 2020ರಲ್ಲಿ ನಿಧನರಾದರು.

ಜಲಪಾತದ ಹಂತ ಇಂದಿಗೂ ಒಂದು ಪಾಠ. ಮುಂದಿದ್ದವನು ಆತುರದಿಂದ ಮೇಲೇರಿದರೆ ಪರದೆಯೂ ಮೇಲಕ್ಕೆ ಸರಿದು, ಹಿಂದುಳಿದವನು ಸಾಯುತ್ತಾನೆ. ಜೊತೆಗಾರನಿಗಾಗಿ ನಿಲ್ಲದವನಿಗೆ ಗೆಲುವಿಲ್ಲ. ಆದರೆ ಆದಿಯಿಂದ ಅಂತ್ಯದವರೆಗೆ ಗುಂಡಿನ ಮಳೆಯೊಂದೇ. ಚಿಕ್ಕ ಮಕ್ಕಳಿಗೆ ಇದನ್ನು ಕೊಡಲು ಮನಸ್ಸು ಒಪ್ಪದು. ಅಂಕ: 10ಕ್ಕೆ 7.

ಡಕ್ ಹಂಟ್ (1984)

ಪ್ಲಾಸ್ಟಿಕ್ ಗನ್ ಹಿಡಿದು ಟಿ.ವಿ.ಯೊಳಗೆ ಹಾರುವ ಬಾತುಗಳಿಗೆ ಗುರಿಯಿಡುವ ಆಟವಿದು. ಗುರಿ ತಪ್ಪಿದರೆ ಹುಲ್ಲಿನಿಂದ ನಾಯಿಯೊಂದು ತಲೆಯೆತ್ತಿ ನಗುತ್ತದೆ. ಗನ್ನಿನಿಂದ ಯಾವುದೋ ಕಿರಣ ಹೊರಟು ಟಿ.ವಿ.ಗೆ ತಾಗುತ್ತದೆಂದೇ ಬಹುಪಾಲು ಮಕ್ಕಳ ನಂಬಿಕೆಯಾಗಿತ್ತು. ನಿಜಸಂಗತಿ ಇದಕ್ಕೆ ತದ್ವಿರುದ್ಧ. ಗನ್ನು ಏನನ್ನೂ ಹೊರಚೆಲ್ಲುವುದಿಲ್ಲ, ಅದು ನೋಡುತ್ತದೆ. ಕುದುರೆ ಎಳೆದೊಡನೆ ಪರದೆ ಕ್ಷಣಾರ್ಧ ಪೂರ್ಣ ಕಪ್ಪಾಗಿ, ಮರುಕ್ಷಣ ಬಾತು ಇರುವೆಡೆ ಮಾತ್ರ ಬಿಳಿಯ ಚೌಕವೊಂದು ಮೂಡುತ್ತದೆ. ಗನ್ನಿನ ಮೂತಿಯೊಳಗಿನ ಬೆಳಕು ಗ್ರಹಿಸುವ ಬಿಡಿಭಾಗ ಮೊದಲು ಕತ್ತಲೆಯನ್ನೂ ಅನಂತರ ಬೆಳಕನ್ನೂ ಕಂಡರೆ ಗುರಿ ತಾಗಿತೆಂದು ಅರ್ಥ. ಇಂದಿನ ಚಪ್ಪಟೆ ಟಿ.ವಿ.ಗಳಲ್ಲಿ ಚಿತ್ರ ಕೊಂಚ ತಡವಾಗಿ ಮೂಡುವುದರಿಂದ ಈ ಲೆಕ್ಕ ತಪ್ಪುತ್ತದೆ; ಹಳೆಯ ಗನ್ನು ಅಲ್ಲಿ ನಿರುಪಯೋಗಿ. ಡಬ್ಬಾ ಟಿ.ವಿ.ಯನ್ನು ಹುಡುಕಿ ತಂದ ಕಾರಣವಿದು.

ವಿಜ್ಞಾನದ ದೃಷ್ಟಿಯಿಂದ ಇದು ಅದ್ಭುತ. ಆಟವಾಗಿ ನೋಡಿದರೆ ಅರ್ಧ ಗಂಟೆಗೆ ಬೇಸರ ತರುತ್ತದೆ. ಮನೆಯ ಹಿರಿಯ ಅಜ್ಜಿಯಂತೂ ಹತ್ತು ನಿಮಿಷ ನೋಡಿ, “ಆ ಬಾತುಗಳು ನಿಮಗೇನ್ ಪಾಪ ಮಾಡ್ಯಾವಪ್ಪಾ?” ಎಂದು ಕೇಳಿದರು. ಉತ್ತರ ಯಾರಲ್ಲೂ ಇರಲಿಲ್ಲ. ಅಂಕ: 10ಕ್ಕೆ 6.

ರೋಡ್ ಫೈಟರ್ (1984)

ಕಾರು ಓಡಿಸುವ ಈ ಆಟ ಅಂದಿನ ಹುಡುಗರ ಅಚ್ಚುಮೆಚ್ಚು. ಪೆಟ್ರೋಲ್ ಮುಗಿಯುವುದರೊಳಗೆ ಗುರಿ ಮುಟ್ಟಬೇಕು. ದಾರಿಯಲ್ಲಿ ಬರುವ ಬಣ್ಣಬಣ್ಣದ ಕಾರನ್ನು ಮುಟ್ಟಿದರೆ ಇಂಧನ ಹೆಚ್ಚುತ್ತದೆ. ಬೇರೆ ಕಾರಿಗೆ ತಾಗಿದರೆ ಬಂಡಿ ಜಾರಿ ಅಂಚಿಗೆ ಬಡಿಯುತ್ತದೆ. ನೆನಪಿನಲ್ಲಿ ಇದು ಬೆಟ್ಟದಷ್ಟು ಬೆಳೆದು ನಿಂತಿತ್ತು; ಪರದೆಯ ಮೇಲೆ ಕಂಡುದು ಅದರ ಕಾಲು ಪಾಲು. ಒಬ್ಬನೇ ಆಡಬೇಕು, ಪಕ್ಕದಲ್ಲಿ ಕುಳಿತವನಿಗೆ ನೋಡುವುದಷ್ಟೇ ಕೆಲಸ. ಅಂಕ: 10ಕ್ಕೆ 5.

ಟೆಟ್ರಿಸ್ (1984)

ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಾಜಿಟ್ನೋವ್ ಅವರ ಸೃಷ್ಟಿಯಿದು. ನಾಲ್ಕು ಚೌಕಗಳಿಂದಾದ ಏಳು ಬಗೆಯ ತುಂಡುಗಳು ಮೇಲಿನಿಂದ ಬೀಳುತ್ತವೆ. ಸಾಲು ತುಂಬಿದರೆ ಮಾಯವಾಗುತ್ತದೆ. ಕೊಲ್ಲುವುದಿಲ್ಲ, ಗುಂಡಿಲ್ಲ, ಭಾಷೆಯ ಹಂಗಿಲ್ಲ. ಎಪ್ಪತ್ತರ ಅಜ್ಜನಿಂದ ಏಳರ ಮೊಮ್ಮಗನವರೆಗೆ ಎಲ್ಲರೂ ಆಡಿದ ಏಕೈಕ ಆಟವಿದು. ಸೋತಾಗ ಯಾರನ್ನೂ ದೂರುವಂತಿಲ್ಲ. ಗೋಡೆ ಕಟ್ಟಿದವರು ನಾವೇ. ಯಂತ್ರವೊಂದೇ ಗೆಲ್ಲುವ ಆಟವೆಂದು ದಶಕಗಳ ಕಾಲ ತಿಳಿಯಲಾಗಿತ್ತು. ಆದರೆ 1989ರ ನಿಂಟೆಂಡೋ ಆವೃತ್ತಿಯನ್ನು ಅಮೆರಿಕದ 13 ವರ್ಷದ ಬಾಲಕನೊಬ್ಬ 157ನೆಯ ಹಂತದವರೆಗೆ ಒಯ್ದು, ಯಂತ್ರವೇ ಸ್ತಬ್ಧವಾಗುವಂತೆ ಮಾಡಿದ ಸುದ್ದಿ 2024ರ ಜನವರಿಯಲ್ಲಿ ಪ್ರಕಟವಾಯಿತು. ಅಂಕ: 10ಕ್ಕೆ 9.

ಬ್ಯಾಟಲ್ ಸಿಟಿ (1985)

ನಾಮ್ಕೊ ಸಂಸ್ಥೆಯ ಈ ಆಟವನ್ನು ನಮ್ಮವರು ಕರೆದುದು ‘ಟ್ಯಾಂಕ್ ಗೇಮ್’ ಎಂದೇ. ಪರದೆಯ ಕೆಳಗೆ ಇಟ್ಟಿಗೆ ಗೋಡೆಯ ನಡುವೆ ಹದ್ದಿನ ಗುರುತೊಂದಿದೆ. ಹಂತಕ್ಕೆ 20ರಂತೆ ನುಗ್ಗುವ ಶತ್ರು ಟ್ಯಾಂಕುಗಳಿಂದ ಅದನ್ನು ಇಬ್ಬರೂ ಸೇರಿ ಕಾಪಾಡಬೇಕು. ಹಂತಗಳು 35. ಇದರ ನಿಯಮಗಳಲ್ಲಿ ಒಂದು ಸೂಕ್ಷ್ಮವಿದೆ. ನಮ್ಮದೇ ಗುಂಡು ತಗುಲಿದರೂ ಆ ಹದ್ದು ಉರುಳಿ ಆಟ ಮುಗಿಯುತ್ತದೆ. ಜೊತೆಗಾರನಿಗೆ ನಮ್ಮ ಗುಂಡು ತಾಗಿದರೆ ಅವನು ಸಾಯುವುದಿಲ್ಲ. ಕೆಲಕಾಲ ಚಲಿಸಲಾರದೆ ನಿಲ್ಲುತ್ತಾನೆ, ಅಷ್ಟರಲ್ಲಿ ವೈರಿ ಒಳನುಗ್ಗುತ್ತಾನೆ. ಮಕ್ಕಳು ತಾವೇ ಗೋಡೆ, ನೀರು, ಪೊದೆಗಳನ್ನು ಇಟ್ಟು ಹೊಸ ರಣರಂಗವನ್ನು ಕಟ್ಟುವ ಅವಕಾಶವೂ ಇದೆ.

ಈ ಆಟದ ಮುಂದೆ ಕುಳಿತವರಲ್ಲಿ ಅಣ್ಣ ತಮ್ಮಂದಿರಿಬ್ಬರಿದ್ದರು. ಒಬ್ಬರು ಊರಿನಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ. ಹೊಲದ ಪಾಲಿನ ವಿಷಯದಲ್ಲಿ ಎರಡು ವರ್ಷಗಳಿಂದ ಅವರ ನಡುವೆ ಅಷ್ಟಕ್ಕಷ್ಟೆ ಮಾತು. ಹನ್ನೊಂದನೆಯ ಹಂತಕ್ಕೆ ಬರುವಷ್ಟರಲ್ಲಿ, “ನೀ ಹದ್ದು ಕಾಯೋ ತಮ್ಮಾ, ನಾ ಮ್ಯಾಲ ಹೋಗ್ತೇನಿ” ಎಂಬ ಹಳೆಯ ಸಲಿಗೆ ಅಣ್ಣನ ಬಾಯಿಂದ ತಾನಾಗಿಯೇ ಹೊರಟಿತು. ಟ್ಯಾಂಕಿನ ಆಟದಿಂದ ಹೊಲದ ತಕರಾರು ತೀರಿತೆಂದು ನಾವು ಹೇಳಲಾರೆವು. ಆದರೆ ಆ ರಾತ್ರಿ ಅವರಿಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಅಂಕ: 10ಕ್ಕೆ 9½. ಪ್ರಥಮ ಸ್ಥಾನ ಇದಕ್ಕೇ ಸಲ್ಲುತ್ತದೆ.

ಅಂಕಪಟ್ಟಿ ಹೇಳುವ ಮಾತು

ಮೇಲಿನ ಪಟ್ಟಿಯನ್ನು ನೋಡಿದರೆ ಒಂದಂಶ ಸ್ಪಷ್ಟವಾಗುತ್ತದೆ. ಹಳೆಯದೆಲ್ಲ ಹೊನ್ನಲ್ಲ. ಆರರಲ್ಲಿ ಎರಡು ಆಟಗಳು ನೆನಪಿನ ಬಲದಿಂದಷ್ಟೇ ಬದುಕಿವೆ. ಗೆದ್ದು ನಿಂತವು ಎರಡು ಬಗೆಯವು: ಮಗುವಿನ ಬುದ್ಧಿಯನ್ನು ಗೌರವಿಸಿದವು ಮತ್ತು ಇಬ್ಬರನ್ನು ಒಂದೇ ಚಾಪೆಯ ಮೇಲೆ ಕೂಡಿಸಿದವು. ಮನೆಗೊಂದೇ ಟಿ.ವಿ., ಟಿ.ವಿ.ಗೊಂದೇ ಪೆಟ್ಟಿಗೆ ಇದ್ದ ಕಾಲದಲ್ಲಿ ಸರದಿ ಕಾಯುವುದು, ಸೋತವನು ರಿಮೋಟ್ ಬಿಟ್ಟುಕೊಡುವುದು ಅನಿವಾರ್ಯವಾಗಿತ್ತು. ಮತ್ತೊಂದು ಮಾತು: ಕ್ಯಾಸೆಟ್ಟಿಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು. ಇಂದಿನ ಹಲವು ಮೊಬೈಲ್ ಆಟಗಳು ಪುಕ್ಕಟೆಯಾಗಿ ಬಂದು, ಬಳಿಕ ಆಯುಧಕ್ಕೊಂದು, ವೇಷಕ್ಕೊಂದು ಎಂದು ಹೆಜ್ಜೆಹೆಜ್ಜೆಗೂ ಹಣ ಕೇಳುತ್ತವೆ, ಮುಗಿಯುವುದೆಂಬುದೇ ಅವಕ್ಕಿಲ್ಲ.

ಇದು ಉಪೇಕ್ಷಿಸುವ ವಿಷಯವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಇಂತಹ ತಂತ್ರಜ್ಞಾನದ ಅತಿಬಳಕೆಗಾಗಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಆಟದ ಗೀಳನ್ನೂ ಸೇರಿಸಿದೆ. ಹಾಗೆಂದು ಮಕ್ಕಳ ಕೈಯಿಂದ ಮೊಬೈಲ್ ಕಸಿದು ಗದರಿಸುವುದರಿಂದ ಫಲವಿಲ್ಲ. ಹಳೆಯ ಪೆಟ್ಟಿಗೆಯನ್ನು ಹುಡುಕಿ ತರಲೇಬೇಕೆಂದೂ ಇಲ್ಲ. ಇಂದಿನ ಆಟಗಳಲ್ಲಿಯೂ ಕೂಡಿ ಆಡುವಂಥವು, ಕಟ್ಟುವಂಥವು, ಯೋಚಿಸುವಂಥವು ಇವೆ. ಮೇಲಿನ ಮೂರು ಒರೆಗಲ್ಲುಗಳಿಗೆ ತಿಕ್ಕಿ ನೋಡಿ ಆರಿಸುವುದು ಹಿರಿಯರ ಕೆಲಸ. ಆರಿಸಿದ ಮೇಲೆ, ವಾರದಲ್ಲಿ ಒಂದು ಸಂಜೆಯಾದರೂ ಮಕ್ಕಳ ಪಕ್ಕದಲ್ಲಿ ಕುಳಿತು ಎರಡನೆಯ ರಿಮೋಟನ್ನು ತಾವೇ ಹಿಡಿಯುವುದು ತಂದೆ ತಾಯಿಗಳ ಕೆಲಸ. ಸೋಲುವುದು ಖಂಡಿತ, ಮಕ್ಕಳಿಗೆ ಅದಕ್ಕಿಂತ ದೊಡ್ಡ ಸಂತೋಷ ಬೇರೊಂದಿಲ್ಲ.