ಅನುಕರಣ ಆಟದಲ್ಲಿ ಸರೀಸೃಪ ಮತ್ತು ಪಕ್ಷಿಗಳ ಮೃಗಾಲಯವನ್ನು ರೂಪಿಸುವುದು ಹೇಗೆ?
ನಿಜಜೀವನದ ವ್ಯವಸ್ಥೆಯೊಂದನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡುವ ಆಟಕ್ಕೆ ಅನುಕರಣ ಆಟವೆಂದು ಹೆಸರು. 2019ರಲ್ಲಿ ಬಂದ ‘ಪ್ಲಾನೆಟ್ ಝೂ’ ಎಂಬ ಇಂಥ ಆಟದಲ್ಲಿ ಹಾವು, ಇಗ್ವಾನಾಗಳು ನಿಗದಿತ ಅಳತೆಯ ಗಾಜಿನ ಕೋಣೆಗಳಲ್ಲಿಯೂ, ಮೊಸಳೆ ಮತ್ತು ದೈತ್ಯ ಆಮೆಗಳು ಆಟಗಾರನೇ ನೆಲ, ನೀರು, ಗಿಡಗಳನ್ನು ಜೋಡಿಸುವ ಬಯಲು ಆವರಣಗಳಲ್ಲಿಯೂ ಇರುತ್ತವೆ. ಸರೀಸೃಪಗಳು ಶೀತರಕ್ತಪ್ರಾಣಿಗಳಾದುದರಿಂದ, ಅಂದರೆ ಮೈಬಿಸಿಗೆ ಹೊರಗಿನ ಶಾಖವನ್ನೇ ಅವಲಂಬಿಸಿರುವುದರಿಂದ, ಅಲಂಕಾರಕ್ಕಿಂತ ಮೊದಲು ಕೋಣೆಯ ಉಷ್ಣತೆಯನ್ನೂ ತೇವಾಂಶವನ್ನೂ ಸರಿಪಡಿಸುವುದೇ ಉಚಿತ. ಮರುಭೂಮಿಯ ಗಿಲಾ ಮಾನ್‌ಸ್ಟರ್‌ ಹಲ್ಲಿಗೆ ಹಿತವೆನಿಸುವ ಒಣಗಾಳಿ ಜೌಗುನೆಲದ ಹಳದಿ ಅನಕೊಂಡಕ್ಕೆ ಒಗ್ಗುವುದಿಲ್ಲ.

ಆವರಣಗಳ ಪೈಕಿ ಉದ್ದಮೂತಿಯ ಮೊಸಳೆಯಾದ ಘರಿಯಾಲ್‌ನದು ವಿಶೇಷ ಗಮನಕ್ಕೆ ಅರ್ಹವಾದುದು. ಗಂಗಾ ಬಯಲಿನ ನದಿಗಳಲ್ಲಿ ಬಾಳುವ ಈ ಪ್ರಾಣಿಯ ಕಾಲುಗಳು ದುರ್ಬಲವಾಗಿದ್ದು, ಬೆಳೆದ ಘರಿಯಾಲ್ ಹೊಟ್ಟೆಯನ್ನು ನೆಲಕ್ಕೆ ಉಜ್ಜುತ್ತಲೇ ದಡವೇರಿ ಮರಳಿನಲ್ಲಿ ಬಿಸಿಲು ಕಾಯಿಸುತ್ತದೆ. ಆದಕಾರಣ ಆಳವಾದ ನೀರಿನಿಂದ ಮಂದ ಇಳಿಜಾರಿನಲ್ಲಿ ಮೇಲೇರುವ ಮರಳುದಂಡೆಯನ್ನು ರೂಪಿಸಿದಾಗಲೇ ಆವರಣಕ್ಕೆ ಜೀವ ಬರುತ್ತದೆ.

ಆಟದ ಮೂಲ ಆವೃತ್ತಿಯಲ್ಲಿರುವ ನವಿಲು, ಉಷ್ಟ್ರಪಕ್ಷಿ, ರಾಜಹಂಸಗಳು ಹೆಚ್ಚಾಗಿ ನೆಲದ ಮೇಲೆಯೇ ನಡೆದಾಡುವ ಹಕ್ಕಿಗಳು. ಅವುಗಳಲ್ಲಿ ಗುಂಪಾಗಿ ಬಾಳುವ ರಾಜಹಂಸಕ್ಕೆ ಕಾಲೂರಿ ನಿಂತು ಮೇಯುವಷ್ಟು ಆಳದ, ವಿಸ್ತಾರವಾದ ತೆಳುನೀರು ಹೊಂದುತ್ತದೆ.